ಲಕ್ಷದ್ವೀಪದ ‘ಖಾಲಿ’ ದ್ವೀಪಗಳಲ್ಲೆಲ್ಲ ರೆಸಾರ್ಟ್ ಕಟ್ಟಬಹುದೇ?

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ, ಮಾಲ್ದೀವ್ಸ್ ಬಿಟ್ಟು ಅಲ್ಲಿಗೇ ಹೋಗಿ ಎಂಬ ಪೋಸ್ಟ್‌ಗಳು ನಮ್ಮೆಲ್ಲರ ಮೊಬೈಲ್‌ಗೂ ಬಂದವು. ಅಲ್ಲಿನ 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ ಮಾತ್ರ. ಹಾಗಾದರೆ ಉಳಿದವುಗಳಲ್ಲಿ ರೆಸಾರ್ಟ್ ಕಟ್ಟಿದರಾಯಿತಲ್ಲ?

ಅಷ್ಟು ಸುಲಭವಿಲ್ಲ. ಎಲ್ಲ ದ್ವೀಪ ಸೇರಿಸಿದರೂ ನೆಲ ಸುಮಾರು 32 ಚದರ ಕಿ.ಮೀ. ನಮ್ಮ ದಾವಣಗೆರೆ ಮಹಾನಗರ ಪಾಲಿಕೆಯ ವ್ಯಾಪ್ತಿಯೇ ಅದಕ್ಕಿಂತ ದೊಡ್ಡದು. ನೀರಿನ ಪ್ರಶ್ನೆಯಂತೂ ಇನ್ನೂ ಕಷ್ಟದ್ದು. ಹರಿಹರಕ್ಕೆ ತುಂಗಭದ್ರೆ ಪಕ್ಕದಲ್ಲೇ ಇದೆ, ದಾವಣಗೆರೆಯ ಕುಂದವಾಡ ಕೆರೆಗೆ ಭದ್ರಾ ನಾಲೆಯ ನೀರು ಬರುತ್ತದೆ (ಬೇಸಿಗೆಯಲ್ಲಿ ನಾವು ಪಡುವ ಪಾಡು ಬೇರೆ ಮಾತು). ಲಕ್ಷದ್ವೀಪದಲ್ಲಿ ನದಿಯೇ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿಗೆ ಪಂಪ್ ಹಾಕಿ ಹೆಚ್ಚು ಎಳೆದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಶೌಚಗುಂಡಿಯ ಕೊಳೆ ಇಂಗುವುದೂ ಇದೇ ಪದರಕ್ಕೆ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿವೆ, ನಿಜ. ಆದರೆ ಅವಕ್ಕೆ ಕರೆಂಟ್ ಬೇಕು, ಅಲ್ಲಿನ ಕರೆಂಟ್ ಹೆಚ್ಚಾಗಿ ಹಡಗಿನಲ್ಲಿ ತಂದ ಡೀಸೆಲ್‌ನದು.

ಅದಕ್ಕೇ 2011ರ ದ್ವೀಪ ಸಂರಕ್ಷಣಾ ವಲಯ ಅಧಿಸೂಚನೆ ಇಂಥ ದ್ವೀಪಗಳಿಗೆ ಸಮಗ್ರ ನಿರ್ವಹಣಾ ಯೋಜನೆ ಬೇಕೆಂದಿತು: ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬುದು ಮೊದಲೇ ಗುರುತಾಗಿರಬೇಕು. ‘ಖಾಲಿ’ ಎನಿಸುವ ಪಿಟ್ಟಿ ದ್ವೀಪ ಕಡಲಹಕ್ಕಿಗಳು ಮೊಟ್ಟೆಯಿಡುವ ಜಾಗ.

ಅಂದಹಾಗೆ, ಲಕ್ಷದ್ವೀಪಕ್ಕೆ ಹೋಗಲು ನಮಗೆ ಪ್ರವೇಶ ಪರವಾನಗಿಯೂ ಬೇಕು. ಫಾರ್ವರ್ಡ್ ನೋಡಿ ಟಿಕೆಟ್ ಮಾಡಿಸುವ ಮುನ್ನ ಅದನ್ನು ಪಡೆದುಕೊಳ್ಳಿ.