ವಿಸ್ಕಿಯಲ್ಲಿ ಸಿಡಿದ ಹಳೇ ಗಾಳಿ

1965ರಲ್ಲಿ ಅಂಟಾರ್ಕ್ಟಿಕದ ಅಡೆಲಿ ಪ್ರದೇಶದಲ್ಲಿ ಕೊರೆತದ ಕೆಲಸ ಮುಗಿಸಿದ ಫ್ರೆಂಚ್ ವಿಜ್ಞಾನಿ ಕ್ಲೋಡ್ ಲೋರಿಯುಸ್, ಆಳದಿಂದ ತೆಗೆದ ಮಂಜುಗಡ್ಡೆಯ ಚೂರೊಂದನ್ನು ವಿಸ್ಕಿಗೆ ಹಾಕಿಕೊಂಡರು. ಅದು ಕರಗುತ್ತಿದ್ದಂತೆ ಪಟಪಟನೆ ಗುಳ್ಳೆಗಳು ಸಿಡಿದವು. ಪುರಾತನ ಕಾಲದ ಗಾಳಿಯೇ ಅದರೊಳಗೆ ಸೆರೆಯಾಗಿರಬೇಕೆಂದು ಅವರಿಗೆ ಹೊಳೆಯಿತು. ಅಮಲೇರುವ ಮುನ್ನವೇ ಹೊಳೆದದ್ದು ವಿಜ್ಞಾನದ ಪುಣ್ಯ!

ಬಿದ್ದ ಹಿಮ ಮೇಲಿನ ಭಾರಕ್ಕೆ ಒತ್ತಿ ಗಟ್ಟಿಯಾಗುವಾಗ ನಡುವಿನ ಗಾಳಿ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಆಗ ಚಳಿ ಎಷ್ಟಿತ್ತೆಂಬುದನ್ನು ಮಂಜುಗಡ್ಡೆಯಲ್ಲಿರುವ ಭಾರದ ಆಮ್ಲಜನಕ, ಜಲಜನಕಗಳು ಹೇಳುತ್ತವೆ. ಅವು ಕಡಿಮೆಯಿದ್ದಷ್ಟೂ ಚಳಿ ಹೆಚ್ಚು. ರಷ್ಯದ ವೊಸ್ತೋಕ್ ಠಾಣೆಯಲ್ಲಿ 1998ರಲ್ಲಿ ಕೊರೆತ 3,623 ಮೀಟರ್ ಮುಟ್ಟಿತು. ಅಲ್ಲಿ ಸಿಕ್ಕಿದ್ದು ನಾಲ್ಕು ಲಕ್ಷ ವರ್ಷಗಳ ಲೆಕ್ಕ. ಯುರೋಪಿನವರಿಗೆ ‘ಡೋಮ್ ಸಿ’ಯಲ್ಲಿ ಸಿಕ್ಕಿದ್ದು ಎಂಟು ಲಕ್ಷ ವರ್ಷಗಳದ್ದು.

ಈ ಲೆಕ್ಕದಲ್ಲಿ ತಾಪಮಾನವೂ ಇಂಗಾಲದ ಡೈಆಕ್ಸೈಡೂ ಜೋಡೆತ್ತಿನಂತೆ ಏರಿಳಿದಿವೆ. ಅಷ್ಟೂ ಕಾಲ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಆ ಅನಿಲ ಸುಮಾರು 300 ಪಾಲನ್ನು ಮೀರಿರಲಿಲ್ಲ. ಈಗ 420 ದಾಟಿದೆ.

2025ರ ಜನವರಿಯಲ್ಲಿ 12 ಲಕ್ಷ ವರ್ಷ ಹಳೆಯ ಮಂಜುಗಡ್ಡೆ ಕೈಗೆ ಬಂದಿದೆ. ಹಿಂದೆ 41,000 ವರ್ಷಕ್ಕೊಮ್ಮೆ ಬರುತ್ತಿದ್ದ ಹಿಮಯುಗ ಆಮೇಲೆ ಲಕ್ಷ ವರ್ಷಕ್ಕೊಮ್ಮೆ ಏಕಾಯಿತೆಂಬುದನ್ನು ಅದರ ಗುಳ್ಳೆಗಳಲ್ಲಿ ಹುಡುಕುವುದು ವಿಜ್ಞಾನಿಗಳ ಉದ್ದೇಶ.