ಊರಿಗೆ ಹೋಗದವರ ರಜೆ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಮುಂಬಯಿ ಕನ್ನಡಿಗರ ಮಾತುಕತೆ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: "ಊರಿಗೆ ಯಾವಾಗ?" ಮೊದಲೆಲ್ಲ ಅದಕ್ಕೆ ಥಟ್ಟನೆ ಒಂದು ತಾರೀಕು ಉತ್ತರವಾಗಿ ಬರುತ್ತಿತ್ತು. ಈಗ ಉತ್ತರಕ್ಕೆ ಮೊದಲು ಒಂದು ಸಣ್ಣ ಮೌನ. ಮತ್ಸ್ಯಗಂಧದ ಬುಕಿಂಗ್ 60 ದಿನ ಮುಂಚೆ ತೆರೆದು, ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ವೇಟಿಂಗ್ ಲಿಸ್ಟಿಗೆ ಹೋಗಿರುತ್ತದೆ ಎಂಬುದು ಎಲ್ಲರೂ ಹೇಳುವ ಕಾರಣ. ಹೇಳಲು ಕಷ್ಟವಾದ ಕಾರಣ ಬೇರೆ. ಊರ ಮನೆಗೆ ಬೀಗ ಬಿದ್ದಿದೆ. ಅಪ್ಪ ಅಮ್ಮ ಈಗ ಇಲ್ಲ, ಇದ್ದರೂ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ನಮ್ಮ ಜೊತೆಗೇ ಇದ್ದಾರೆ. ಹೋಗಿ ಇಳಿದರೆ ಗೇಟಿನ ಹತ್ತಿರ ಬಂದು ನಿಲ್ಲುವವರು ಯಾರೂ ಇಲ್ಲ.

ಇದರಿಂದ ದೊಡ್ಡ ನಷ್ಟ ಮಕ್ಕಳದ್ದು. ಊರಿನಲ್ಲಿ ಹದಿನೈದು ದಿನ ಕಳೆದರೆ ಅವರಿಗೆ ಯಾರೂ ಕನ್ನಡ ಕಲಿಸಬೇಕಾಗಿರಲಿಲ್ಲ. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಬಸ್ಸಿನ ಬೋರ್ಡು, ಅಂಗಡಿಯ ವ್ಯವಹಾರ, ರಾತ್ರಿಯ ಯಕ್ಷಗಾನದ ಮಾತು ಎಲ್ಲ ಕನ್ನಡವೇ. ಅದು ತಾನಾಗಿ ಕಿವಿಗೆ ಬೀಳುತ್ತಿತ್ತು. ಇಲ್ಲೇ ಉಳಿದ ವರ್ಷ ಅದು ತಾನಾಗಿ ಬೀಳುವುದಿಲ್ಲ, ನಾವೇ ಹುಡುಕಿ ತಂದುಕೊಳ್ಳಬೇಕು.

ಹಾಗಾಗಿ ಈ ಸಲದ ರಜೆಯ ಪಟ್ಟಿಗೆ ಒಂದೇ ಒಂದು ಷರತ್ತು ಹಾಕಿಕೊಂಡಿದ್ದೇನೆ. ಮನೆಯ ಇಬ್ಬರಾದರೂ ಸೇರಿ ಮಾಡುವಂಥದ್ದಾಗಿರಬೇಕು. ಮನೆಯಲ್ಲಿ ಕನ್ನಡ ಓದಲು ಬರುವವರು ಒಬ್ಬರೇ ಇದ್ದರೂ ನಡೆಯಬೇಕು.

ಓದು: ಗಟ್ಟಿಯಾಗಿ

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಮೊದಲ ಶಿಫಾರಸು. ನೀವು ಇಪ್ಪತ್ತು ವರ್ಷದ ಹಿಂದೆ ಓದಿರಬಹುದು. ಈಗ ಅದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಚಿಕ್ಕ ಪುಸ್ತಕ, ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಶಾಲೆ ಮತ್ತೆ ತೆರೆಯುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಗಟ್ಟಿಯಾಗಿ ಓದುವುದಕ್ಕೆ ಇಷ್ಟು ಒಗ್ಗುವ ಕಾದಂಬರಿ ಕನ್ನಡದಲ್ಲಿ ಅಪರೂಪ, ಏಕೆಂದರೆ ಇದರ ತುಂಬ ಮಾತು. ಮಂದಣ್ಣನ ಮಾತಿಗೊಂದು ದನಿ, ಬಿರಿಯಾನಿ ಕರಿಯಪ್ಪನಿಗೊಂದು, ವಿಜ್ಞಾನಿ ಕರ್ವಾಲೊಗೆ ಇನ್ನೊಂದು ದನಿ ಹಚ್ಚಿ ಓದಬಹುದು. ಕಿವಿ ಎಂಬ ನಾಯಿಯ ಹೆಸರು ಕೇಳಿದ ಕೂಡಲೇ ಮಕ್ಕಳು ನಿಮ್ಮ ಬದಿಗೆ ಬರುತ್ತಾರೆ.

ಓದುವಾಗ ಪ್ರತಿ ಪದಕ್ಕೂ ಅರ್ಥ ಹೇಳುತ್ತ ನಿಲ್ಲಬೇಡಿ. 'ಜೇನು ಹಿಡಿಯುವುದು' ಗೊತ್ತಿಲ್ಲದ ಮಗುವಿಗೂ ಮಂದಣ್ಣ ಏನೋ ಕಿತಾಪತಿ ಮಾಡುತ್ತಿದ್ದಾನೆ ಎಂದು ಗೊತ್ತಾಗುತ್ತದೆ. ಹಾರುವ ಓತಿ ನಿಜವಾಗಿಯೂ ಇದೆಯೇ ಎಂದು ಕೇಳಿಯೇ ಕೇಳುತ್ತಾರೆ. ಇದೆ, ಪಶ್ಚಿಮ ಘಟ್ಟದ ಕಾಡುಗಳಲ್ಲಿ. ಪಕ್ಕೆಯ ಚರ್ಮವನ್ನು ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಅದರ ವಿಡಿಯೋ ಮಾತ್ರ ಕೊನೆಯ ಪುಟ ಮುಗಿಯುವ ತನಕ ತೋರಿಸಬೇಡಿ.

ಎರಡನೆಯದು ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು. ಗೋಕರ್ಣದಿಂದ ಬಂದು ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿ ಔಷಧ ಕಂಪನಿಯಲ್ಲಿ ದುಡಿದವರು ಅವರು. ಆ ಕತೆಗಳಲ್ಲಿ ಕೆಲವನ್ನು ತೇಜಸ್ವಿನಿ ನಿರಂಜನ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಕನ್ನಡ ಬಾರದ ಗಂಡ, ಹೆಂಡತಿ, ಸೊಸೆ, ಕಾಲೇಜಿಗೆ ಹೋಗುವ ಮಗ ಇದ್ದಲ್ಲಿ ಎರಡೂ ಭಾಷೆಯ ಪ್ರತಿ ತರಿಸಿಕೊಳ್ಳಿ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಅದೇ ಕತೆ ಓದಿ ರಾತ್ರಿ ಊಟಕ್ಕೆ ಕುಳಿತಾಗ ಮಾತಾಡಿ. ಪುಸ್ತಕಕ್ಕೆ ಹೆಸರು ಕೊಟ್ಟ ಕತೆಯಲ್ಲಿ ಮದುವೆಯಾಗಲಿರುವ ಪೋಪಟ್ ಮತ್ತು ಅಸಾವರಿ ಲಗ್ನಪತ್ರಿಕೆಯಲ್ಲಿ ಏನು ಅಚ್ಚು ಹಾಕಿಸಬೇಕು ಎಂದು ತಲೆಕೆಡಿಸಿಕೊಳ್ಳುತ್ತಾರೆ. ಹೇಳಿಕೊಳ್ಳಲು ಮನೆತನವಿಲ್ಲದವರಿಗೆ ಹೆಸರಿನ ಹಿಂದು ಮುಂದು ಏನಿರಬೇಕು ಎಂಬ ಪ್ರಶ್ನೆ ಈ ನಗರದಲ್ಲಿ ಇರುವ ಯಾರಿಗೂ ದೂರದ್ದಲ್ಲ.

'ಒಪೆರಾ ಹೌಸ್' ಕತೆಯನ್ನಂತೂ ಬಿಡಬೇಡಿ. ಸಿನಿಮಾ ಮಂದಿರ ಗುಡಿಸುವ ಹುಡುಗನಿಗೆ ಆಟ ಮುಗಿದ ಮೇಲೆ ಒಂದು ಫ್ಲಾಸ್ಕ್ ಸಿಗುತ್ತದೆ, ಕತೆ ಅಲ್ಲಿಂದ ಬೆಳೆಯುತ್ತದೆ. 1993ರಲ್ಲಿ ಮುಚ್ಚಿದ ರಾಯಲ್ ಒಪೆರಾ ಹೌಸ್ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಕತೆ ಓದಿದ ಮೇಲೆ ಚರ್ನಿ ರೋಡಿನಲ್ಲಿ ಇಳಿದು ಕಟ್ಟಡವನ್ನು ಒಮ್ಮೆ ಹೊರಗಿನಿಂದಲಾದರೂ ನೋಡಿ ಬನ್ನಿ.

ದೊಡ್ಡವರು ಒಬ್ಬರೇ ಓದಬೇಕಾದದ್ದು ಯಶವಂತ ಚಿತ್ತಾಲರ 'ಶಿಕಾರಿ' (1979). ಇಷ್ಟು ದೊಡ್ಡ ನಗರದ ಕಂಪನಿಯೊಂದರಲ್ಲಿ ಒಬ್ಬ ಮನುಷ್ಯನನ್ನು ಹೇಗೆ ಬೇಟೆಯಾಡುತ್ತಾರೆ ಎಂದು ಅದು ತೋರಿಸುತ್ತದೆ. ಕೆಲಸದಿಂದ ತೆಗೆಯುವ ಇಮೇಲುಗಳ ಈ ಕಾಲದಲ್ಲಿ ನಾಗಪ್ಪನ ಭಯ ಹಳೆಯದಾಗಿಲ್ಲ. ಹಗುರವಾದ ಓದಲ್ಲ, ರಜೆಯ ಮೊದಲ ವಾರವೇ ಹಿಡಿಯಿರಿ.

ಆಫೀಸಿನ ಗೆಳೆಯರಿಗೆ ಹೊಸ ವರ್ಷಕ್ಕೆ ಕೊಡಲು ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕತೆಗಳ ಈ ಸಂಕಲನಕ್ಕೆ 2025ರ ಅಂತಾರಾಷ್ಟ್ರೀಯ ಬುಕರ್ ಬಂತು. "ನಿಮ್ಮ ಭಾಷೆಯಲ್ಲಿ ಏನಿದೆ?" ಎಂದು ಕೇಳುವವರ ಕೈಗೆ ಇದನ್ನಿಡಿ. ಮನೆಗೆ ಮಾತ್ರ ಅವರ ಕನ್ನಡ ಕತೆಗಳನ್ನೇ ತರಿಸಿ.

ಕಣ್ಣು ಮಂಜಾದ ಹಿರಿಯರಿಗೆ, ಕನ್ನಡ ಕೇಳಿ ಅರ್ಥವಾದರೂ ಅಕ್ಷರ ಬಾರದ ಮಕ್ಕಳಿಗೆ ಮೈಲ್ಯಾಂಗ್ ಆ್ಯಪಿನ ಆಡಿಯೋ ಪುಸ್ತಕಗಳು ಉಪಯೋಗಕ್ಕೆ ಬರುತ್ತವೆ. ವಿರಾರ್ ಲೋಕಲ್ಲಿನಲ್ಲಿ ನಿಂತು ಹೋಗುವವರಿಗೂ.

ಸಿನಿಮಾ: ಒಂದೇ ಸೋಫಾದಲ್ಲಿ

ಓಟಿಟಿಯಲ್ಲಿ ಇಂದು ಇದ್ದದ್ದು ನಾಳೆ ಇನ್ನೊಂದು ಕಡೆಗೆ ಹೋಗಿರುತ್ತದೆ, ಆದ್ದರಿಂದ ಯಾವುದು ಎಲ್ಲಿ ಎಂದು ಬರೆಯುತ್ತಿಲ್ಲ. ಹೆಸರು ಹಾಕಿ ಹುಡುಕಿ.

'ಡೇರ್‌ಡೆವಿಲ್ ಮುಸ್ತಾಫಾ' (2023) ತೇಜಸ್ವಿಯವರ ಕತೆಯನ್ನೇ ಆಧರಿಸಿದ್ದು. ಶಶಾಂಕ್ ಸೋಗಾಲ್ ನಿರ್ದೇಶನ. ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಮಾಡಿದ ಚಿತ್ರ. ಹಿಂದೂ ಹುಡುಗರೇ ಇರುವ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಅವನನ್ನು ಕುರಿತ ಊಹಾಪೋಹ, ಜಗಳ, ಕ್ರಿಕೆಟ್ ಎಲ್ಲ ನಗುತ್ತಲೇ ನಡೆಯುತ್ತದೆ. 'ಕರ್ವಾಲೊ' ಓದುತ್ತಿರುವ ವಾರವೇ ನೋಡಿದರೆ ಮಕ್ಕಳಿಗೆ ಒಬ್ಬ ಲೇಖಕ ಪರಿಚಯವಾದಂತಾಗುತ್ತದೆ.

'ಸು ಫ್ರಮ್ ಸೋ' (2025) ಜೆ.ಪಿ. ತುಮಿನಾಡು ನಿರ್ದೇಶಿಸಿದ ದೆವ್ವದ ಹಾಸ್ಯ. ಕರಾವಳಿಯ ಒಂದು ಹಳ್ಳಿ, ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ, ಮೈಮೇಲೆ ಸುಲೋಚನ ಬಂದಳೆಂದು ನಂಬುವ ಜನ. ಊರಿನಲ್ಲಿ ಹತ್ತು ಜನ ಸೇರಿದರೆ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರಲ್ಲ, ಆ ಗದ್ದಲ ಇಲ್ಲಿ ಹಾಗೇ ಇದೆ. ಮಂಗಳೂರು, ಕಾಸರಗೋಡಿನ ಕಡೆಯವರು ಅದನ್ನು ಕೇಳುವುದಕ್ಕೇ ಎರಡು ಸಲ ನೋಡಬಹುದು.

ಮೂರನೆಯದು 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016), ಹೇಮಂತ್ ರಾವ್ ಅವರ ಮೊದಲ ಚಿತ್ರ. ಮರೆವಿನ ಕಾಯಿಲೆಯ ತಂದೆಯಾಗಿ ಅನಂತ್ ನಾಗ್, ಮಗನಾಗಿ ರಕ್ಷಿತ್ ಶೆಟ್ಟಿ. ಮಗ ಕೆಲಸ ಮಾಡುವುದು ಮುಂಬಯಿಯಲ್ಲಿ, ತಂದೆ ಇರುವುದು ಬೆಂಗಳೂರಿನ ಆರೈಕೆ ಕೇಂದ್ರದಲ್ಲಿ. ಒಂದು ದಿನ ತಂದೆ ಕಳೆದುಹೋಗುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ನೋಡುವುದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದಾರೆಂದು ಬಲ್ಲೆ. ಕಾರಣವೂ ಗೊತ್ತಿರುವಂಥದ್ದೇ. ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು ನೋಡುವಂತಿದ್ದರೆ ಈ ರಜೆಯಲ್ಲೇ ನೋಡಿಬಿಡಿ.

ಕನ್ನಡ ತೀರ ಕಡಿಮೆಯಿರುವ ಮನೆಗಳಲ್ಲಿ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಿಂದ ಶುರುಮಾಡಿ. ಹಿಂದಿ ಧಾರಾವಾಹಿಯೇ ಸರಿ. ಆದರೆ ಮಾಲ್ಗುಡಿಯಾಗಿ ಕಾಣುವುದು ಆಗುಂಬೆ, ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ, ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ಮೈಸೂರಿನಿಂದ ಮುಂಬಯಿಗೆ ಬಂದವರು. ಶಂಕರ್ ನಾಗ್ ಕೂಡ ನಟನೆ ಕಲಿತದ್ದು ಇಲ್ಲಿನ ಮರಾಠಿ ರಂಗಭೂಮಿಯಲ್ಲಿ.

ನಾಟಕ: ಹೊರಗೂ ಒಳಗೂ

ಒಂದು ವಿಷಯ ಮೊದಲೇ ಹೇಳುತ್ತೇನೆ: ಡಿಸೆಂಬರಿನಲ್ಲಿ ಊರಿನ ದೊಡ್ಡ ಯಕ್ಷಗಾನ ಮೇಳಗಳನ್ನು ಮುಂಬಯಿಯಲ್ಲಿ ಹುಡುಕಬೇಡಿ. ಅದು ಅವರ ಊರಿನ ತಿರುಗಾಟದ ಕಾಲ. ಅವರು ಇಲ್ಲಿಗೆ ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಈಗ ಸಿಗುವುದು ಇಲ್ಲಿನ ಸಂಘಗಳ ವಾರ್ಷಿಕೋತ್ಸವ, ಸ್ಥಳೀಯ ತಂಡಗಳ ನಾಟಕ, ಮಕ್ಕಳ ಯಕ್ಷಗಾನ. ಮಾಹಿಮಿನ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, 1926ರಲ್ಲಿ ಶುರುವಾದ ಮಾಟುಂಗಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಸಂಘ, ಈ ಮೂರು ಕಡೆ ಒಂದೊಂದು ಫೋನು ಮಾಡಿದರೆ ತಿಂಗಳ ಕಾರ್ಯಕ್ರಮಗಳು ಗೊತ್ತಾಗುತ್ತವೆ. ದೆಹಲಿಯವರಿಗೆ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘ, ಹೈದರಾಬಾದಿನವರಿಗೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಇದ್ದೇ ಇವೆ. ಭಾಷಣ ಉದ್ದವಾಗುತ್ತದೆ ಎಂಬ ದೂರು ನನಗೂ ಗೊತ್ತು. ಆದರೂ ಮಕ್ಕಳು ತಮ್ಮ ವಯಸ್ಸಿನ ಇನ್ನೊಂದು ಮಗು ವೇಷ ಕಟ್ಟಿ ಕನ್ನಡ ಮಾತಾಡುವುದನ್ನು ನೋಡಬೇಕು.

ಜುಹುವಿನ ಪೃಥ್ವಿ ಥಿಯೇಟರಿನಲ್ಲಿ (1978) ಹಿಂದಿ, ಇಂಗ್ಲಿಷ್, ಮರಾಠಿ ನಾಟಕ ನೋಡುವುದಾದರೆ ಹೊತ್ತಿಗೆ ಮುಂಚೆ ಹೋಗಿ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ.

ನನ್ನ ಮುಖ್ಯ ಶಿಫಾರಸಿಗೆ ಟಿಕೆಟ್ ಬೇಡ. ಮಾಥೇರಾನಿನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ 'ಹಯವದನ' (1971) ತರಿಸಿ, ಪಕ್ಕದ ಕಟ್ಟಡದ ಕನ್ನಡದ ಮನೆಯವರನ್ನೂ ಕರೆದು ಒಂದು ಸಂಜೆ ಪಾತ್ರ ಹಂಚಿಕೊಂಡು ಓದಿ. ಭಾಗವತ, ದೇವದತ್ತ, ಕಪಿಲ, ಪದ್ಮಿನಿ, ಕುದುರೆ ಮುಖದ ಹಯವದನ. ಅಕ್ಷರ ಬಾರದ ಹದಿನಾರರ ಹುಡುಗಿಗೆ ಅವಳ ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡಿ, ಅದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ. ತಲೆ ಅದಲು ಬದಲಾದ ಮೇಲೆ ಗಂಡ ಯಾರು ಎಂಬ ಪ್ರಶ್ನೆ ಬಂದಾಗ ಓದು ನಿಂತು ವಾದ ಶುರುವಾಗುತ್ತದೆ. ತಲೆ ಒಂದು ಕಡೆಯದು, ಮೈ ಇನ್ನೊಂದು ಕಡೆಯದು ಎಂಬುದರ ಬಗ್ಗೆ ವಲಸೆ ಬಂದ ಮನೆಗಳಲ್ಲಿ ಹೇಳಲು ಬೇಕಾದಷ್ಟಿರುತ್ತದೆ.

ಊಟ: ಮಾಟುಂಗಾದ ಒಂದು ದಿನ

ಅಡುಗೆಮನೆಗೂ ರಜೆ ಬೇಕು. ಒಂದು ಭಾನುವಾರ ಪೂರ್ತಿ ಮಾಟುಂಗಾಕ್ಕೆ ಕೊಡಿ. ಬೆಳಿಗ್ಗೆ ಬೇಗ ಹೋದರೆ ಸ್ಟೇಷನ್ ಹತ್ತಿರದ ರಾಮ್ ಆಶ್ರಯದಲ್ಲಿ (1939) ಇಡ್ಲಿ, ಪೈನಾಪಲ್ ಶೀರಾ, ಫಿಲ್ಟರ್ ಕಾಫಿ. ತಡವಾದರೆ ಕಿಂಗ್ಸ್ ಸರ್ಕಲ್ ಕಡೆ ನಡೆದು ಕೆಫೆ ಮದ್ರಾಸಿನ (1940) ಸಾಲಿನಲ್ಲಿ ಹೆಸರು ಬರೆಸಿ. ಹೆಸರು ಮದ್ರಾಸ್, ನಡೆಸುವವರು ಕಾಮತರು. ರಾಗಿ ದೋಸೆ, ನೀರುದೋಸೆ, ರಸಂ ವಡೆ ಮೂರನ್ನೂ ತರಿಸಿ ಹಂಚಿಕೊಳ್ಳಿ.

ಮಧ್ಯಾಹ್ನಕ್ಕೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ (1942). ಬಾಳೆಎಲೆ ಊಟವನ್ನೇ ಹೇಳಿ. ಮಕ್ಕಳಿಗೆ ಎಲೆಯ ಮೇಲೆ ಯಾವುದನ್ನು ಎಲ್ಲಿ ಬಡಿಸುತ್ತಾರೆ, ಸಾರು ಹರಿಯದಂತೆ ಅನ್ನಕ್ಕೆ ಹೇಗೆ ಗುಂಡಿ ಮಾಡಬೇಕು ಎಂದು ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿಲ್ಲ. ಬಡಿಸುವವರ ಜೊತೆ ಮಕ್ಕಳೇ ಕನ್ನಡದಲ್ಲಿ "ಇನ್ನು ಸ್ವಲ್ಪ" ಎಂದು ಕೇಳಲಿ, ಉತ್ತರ ಕನ್ನಡದಲ್ಲಿ ಬಂದರೆ ಅವರ ಮುಖ ನೋಡಿ. ಊಟವಾದ ಮೇಲೆ ಝಡ್ ಬ್ರಿಜ್ ದಾಟಿ ಪಶ್ಚಿಮಕ್ಕೆ ನಡೆದರೆ ಕರ್ನಾಟಕ ಸಂಘ. ಸಂಜೆ ಅಲ್ಲಿ ಕಾರ್ಯಕ್ರಮ ಇರುವ ದಿನವನ್ನೇ ಆರಿಸಿಕೊಂಡರೆ ದಿನ ತಾನಾಗಿ ತುಂಬುತ್ತದೆ.

ಮೀನು ಬೇಕೆನ್ನುವವರಿಗೆ ಕೋಟೆ ಪ್ರದೇಶದ ಮಹೇಶ್ ಲಂಚ್ ಹೋಮ್, ಅಪೂರ್ವ ಇವೆ, ಗಸಿಗೆ ನೀರುದೋಸೆ ಜೋಡಿ ಮರೆಯಬೇಡಿ. ಪುಣೆಯವರು ಫರ್ಗ್ಯುಸನ್ ಕಾಲೇಜ್ ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿಗೆ, ಚೆನ್ನೈಯವರು ಉಡುಪಿಯ ಕೆ. ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸಿಗೆ ಹೋಗಿ ಇದೇ ದಿನವನ್ನು ತಮ್ಮ ರೀತಿಯಲ್ಲಿ ಮಾಡಿಕೊಳ್ಳಬಹುದು.

ಇಷ್ಟೆಲ್ಲ ಆಗದಿದ್ದರೂ ಪರವಾಗಿಲ್ಲ. ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ರಾತ್ರಿಯ ಇಪ್ಪತ್ತು ನಿಮಿಷದ 'ಕರ್ವಾಲೊ' ಎನ್ನುತ್ತೇನೆ. ಟಿವಿ ಆರಿಸಿ, ಮೊದಲ ಪುಟ ತೆಗೆಯಿರಿ. ಜನವರಿಯಲ್ಲಿ ಶಾಲೆ ತೆರೆದಾಗ ಪುಸ್ತಕ ಅರ್ಧ ಉಳಿದಿದ್ದರೆ ಇನ್ನೂ ಒಳ್ಳೆಯದು, ಮುಂದೇನಾಯಿತು ಎಂದು ಮಕ್ಕಳೇ ಕೇಳಿಕೊಂಡು ಬರುತ್ತಾರೆ.