ಸಂತೆಮರಹಳ್ಳಿಯ ಒಂದು ಮತ ಮತ್ತು ಗಲ್ಫಿನ ನಮ್ಮ ಮನೆಗಳು

ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕರಾವಳಿಯ ನಮ್ಮಲ್ಲಿ ಹೆಚ್ಚಿನವರು ನೋಡಿರದ ಊರು. ಆದರೂ ಕರ್ನಾಟಕದ ಚುನಾವಣಾ ಇತಿಹಾಸದಲ್ಲಿ ಅದರ ಹೆಸರು ಅಳಿಯುವಂತಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಿದ್ದವು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಿದ್ದದ್ದು 40,751. ಅಂತರ ಒಂದೇ ಮತ! ಸೋತ ಅಭ್ಯರ್ಥಿಯ ಕಾರು ಚಾಲಕನಿಗೇ ಅಂದು ಕೆಲಸದ ನಡುವೆ ಮತ ಹಾಕಲು ಬಿಡುವಾಗಲಿಲ್ಲ ಎಂಬ ಮಾತು ಇಂದಿಗೂ ಜನಜನಿತ. 2008ರಲ್ಲಿ ಪುನರ್ವಿಂಗಡಣೆಯಾಗಿ ಆ ಕ್ಷೇತ್ರವೇ ಇಲ್ಲವಾಯಿತು. ಧ್ರುವನಾರಾಯಣ ಅವರು 2023ರಲ್ಲಿ ನಿಧನರಾದರು. ಆ ಒಂದು ಮತದ ಪಾಠ ಮಾತ್ರ ಉಳಿದಿದೆ.

ಆ ಚಾಲಕನನ್ನು ನೆನೆಯುವಾಗ ನಮಗೆ ನಮ್ಮದೇ ಧರ್ಮಕೇಂದ್ರಗಳ ಕುಟುಂಬಗಳು ಕಣ್ಣ ಮುಂದೆ ಬರುತ್ತವೆ. ಹೊಟ್ಟೆಪಾಡಿಗಾಗಿ ದುಬೈ, ಕುವೈತ್, ಬಹ್ರೇನ್, ದೋಹಾ, ರಿಯಾದ್‌ಗಳಲ್ಲಿ ನೆಲೆಸಿರುವ ಇವರಿಗೂ ಮತಗಟ್ಟೆಯವರೆಗೆ ಬರಲು ಬಿಡುವಿಲ್ಲ.

ಗಲ್ಫಿನ ಸಂಸಾರ ಎಂದರೆ ಊರಿನಲ್ಲಿ ನಮಗೆ ಕಾಣುವುದು ಹೊಸ ಮನೆ, ರಜೆಯಲ್ಲಿ ತರುವ ಚಾಕೊಲೇಟು, ಹಬ್ಬಕ್ಕೆ ಕೊಡುವ ವಂತಿಗೆ. ಅಲ್ಲಿನ ದಿನಚರಿ ಬೇರೆಯೇ ಇದೆ. ಮುಂಜಾನೆ ಮಕ್ಕಳನ್ನು ಶಾಲಾ ಬಸ್ಸಿಗೆ ಹತ್ತಿಸಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಓಡಬೇಕು. ಮನೆ ಬಾಡಿಗೆಗೂ ಶಾಲಾ ಶುಲ್ಕಕ್ಕೂ ಸಂಬಳದ ದೊಡ್ಡ ಪಾಲು ಹೋಗುತ್ತದೆ. ಕುವೈತಿನಲ್ಲಿ ಶುಕ್ರವಾರವೇ ರಜಾದಿನವಾದ್ದರಿಂದ ವಾರದ ಬಲಿಪೂಜೆಗೆ ಹೆಚ್ಚು ಜನ ಸೇರುವುದೂ ಅಂದೇ. ಸಂಜೆ ಊರಿಗೆ ಫೋನು, ಅಮ್ಮನ ರಕ್ತದೊತ್ತಡದ ವಿಚಾರಣೆ, ತೋಟದ ಕೆಲಸದವರ ಲೆಕ್ಕ. ಇವೆಲ್ಲದರ ಮೇಲೆ ಒಂದು ನೆರಳು ಇದ್ದೇ ಇರುತ್ತದೆ: ವೀಸಾ ನವೀಕರಣ. 30 ವರ್ಷ ದುಡಿದರೂ ಸಾಮಾನ್ಯವಾಗಿ ಅಲ್ಲಿ ಪೌರತ್ವ ಸಿಗದು. ಕೆಲಸ ಹೋದರೆ ವಾಸದ ಪರವಾನಿಗೆಯೂ ಹೋಗುತ್ತದೆ.

ಸರಕಾರದ ಒಂದು ಆದೇಶ ಇಂಥ ಮನೆಯನ್ನು ಎರಡು ಮಾಡಬಲ್ಲದು. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದವನಿಗೆ ತಿಂಗಳಿಗೆ 1,200 ರಿಯಾಲ್ ಹೊರೆ! ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿ ಒಂಟಿಯಾಗಿ ಕೋಣೆ ಹಿಡಿದರು. ಕುವೈತ್ 2024ರ ಆರಂಭದಲ್ಲಿ ಕುಟುಂಬ ವೀಸಾಕ್ಕೆ 800 ದಿನಾರ್ ಸಂಬಳದ ಮಿತಿ ಇಟ್ಟಿತು. ಅಲ್ಲಿನ ಆಡಳಿತವನ್ನು ಪ್ರಶ್ನಿಸಲು ಇವರಿಗೆ ಹಕ್ಕಿಲ್ಲ, ಅದು ಅರ್ಥವಾಗುವ ಮಾತು. ಆದರೆ ಸ್ವಂತ ದೇಶದಲ್ಲಿ?

ಭಾರತದ ನಿರ್ಧಾರಗಳೂ ಇವರ ಮನೆಯನ್ನು ನೇರವಾಗಿ ಮುಟ್ಟುತ್ತವೆ. 2020ರ ಕೊರೋನಾ ಕಾಲದಲ್ಲಿ ಗರ್ಭಿಣಿಯರು, ಕೆಲಸ ಕಳೆದುಕೊಂಡವರು ವಿಮಾನಕ್ಕಾಗಿ ಕಾದು ಕುಳಿತದ್ದು ನಮಗೆ ನೆನಪಿದೆ. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದದ್ದು ಮೇ 12ರಂದು. ಯಾರನ್ನು ಯಾವಾಗ ಕರೆತರಬೇಕು, ತೆರಿಗೆ ಎಷ್ಟು, ಹಿಂತಿರುಗಿದವರಿಗೆ ಪುನರ್ವಸತಿ ಏನು ಎಂಬುದೆಲ್ಲ ನಿರ್ಧಾರವಾಗುವುದು ದೆಹಲಿ ಮತ್ತು ಬೆಂಗಳೂರಿನಲ್ಲಿ.

ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. ಹಿಂದೆ ವಿದೇಶದಲ್ಲಿ ನೆಲೆಸಿದವರ ಹೆಸರು 'ಸಾಮಾನ್ಯ ನಿವಾಸಿಯಲ್ಲ' ಎಂಬ ಕಾರಣಕ್ಕೆ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. 2010ರ ತಿದ್ದುಪಡಿಯ ನಂತರ, ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿಗಳು ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಸ್ವತಃ ಮತಗಟ್ಟೆಗೆ ಬರಬೇಕು. ಎಡವುವುದು ಇಲ್ಲಿಯೇ.

2023ರಲ್ಲಿ ಕರ್ನಾಟಕ ವಿಧಾನಸಭೆಗೆ ಮತದಾನ ನಡೆದದ್ದು ಮೇ 10ರಂದು. 2024ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಗಳಿಗೆ ಏಪ್ರಿಲ್ 26ರಂದು. ಗಲ್ಫಿನ ಭಾರತೀಯ ಶಾಲೆಗಳಲ್ಲಿ ಹೊಸ ತರಗತಿ ಆರಂಭವಾಗುವುದೇ ಏಪ್ರಿಲಿನಲ್ಲಿ. ದೀರ್ಘ ರಜೆ ಸಿಗುವುದು ಜುಲೈ-ಆಗಸ್ಟಿನಲ್ಲಿ. ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಮಕ್ಕಳ ಶಾಲೆ ನಡೆಯುವಾಗ ತೆಗೆದುಕೊಂಡು, ನಾಲ್ವರ ಟಿಕೆಟ್ ಕೊಂಡು ಮತ ಹಾಕಲು ಬರುವ ಕುಟುಂಬ ಎಷ್ಟಿದ್ದೀತು? 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ನೋಂದಾಯಿತ ಅನಿವಾಸಿ ಮತದಾರರು ಸುಮಾರು 1.19 ಲಕ್ಷ. ಬಂದು ಮತ ಹಾಕಿದವರು ಕೇವಲ 2,958. ಅವರಲ್ಲಿ 2,670 ಮಂದಿ ಕೇರಳದವರು. ಇದನ್ನು ಬರಿಯ ಉದಾಸೀನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಪ್ರತಿನಿಧಿಯ ಮೂಲಕ ಮತ ಹಾಕಿಸುವ ಮಸೂದೆ 2018ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿತ್ತು. ರಾಜ್ಯಸಭೆ ದಾಟದೆ 2019ರಲ್ಲಿ ಬಿದ್ದುಹೋಯಿತು. ವಿದ್ಯುನ್ಮಾನ ಅಂಚೆ ಮತಪತ್ರದ ಸೌಲಭ್ಯವನ್ನು ಇವರಿಗೂ ಕೊಡಬಹುದೆಂದು ಚುನಾವಣಾ ಆಯೋಗ 2020ರ ನವೆಂಬರಿನಲ್ಲಿ ಸರಕಾರಕ್ಕೆ ತಿಳಿಸಿತು. ಸೈನಿಕರಿಗೆ, ವಿದೇಶದಲ್ಲಿರುವ ಸರಕಾರಿ ನೌಕರರಿಗೆ ಈ ಸೌಲಭ್ಯ ಇದೆ. ಮತದ ಗೌಪ್ಯತೆ, ಮಾಲೀಕರ ಒತ್ತಡ, ರಾಯಭಾರ ಕಚೇರಿಗಳ ಮೇಲಿನ ಹೊರೆ ಇವೆಲ್ಲ ನಿಜವಾದ ತೊಡಕುಗಳೇ. ಆದರೆ ಗಲ್ಫಿನ ಚರ್ಚುಗಳಲ್ಲಿ ನಮ್ಮವರ ಪಕ್ಕದ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವ ಫಿಲಿಪ್ಪೀನ್ಸ್ ದೇಶದವರನ್ನು ನೋಡೋಣ. ಅವರ ದೇಶ 2003ರಲ್ಲಿ ಕಾನೂನು ಮಾಡಿ 2004ರಿಂದಲೇ ವಿದೇಶದಲ್ಲಿ ಮತದಾನ ಆರಂಭಿಸಿತು. ಸಂತೆಮರಹಳ್ಳಿಯ ಫಲಿತಾಂಶ ಬಂದ ವರ್ಷವೂ ಅದೇ! 2025ರಲ್ಲಿ ಅವರು ಅಂತರ್ಜಾಲದ ಮೂಲಕವೂ ಮತ ಹಾಕಿದರು. ಮನೆಗೆಲಸದ ಹೆಣ್ಣುಮಕ್ಕಳಿಗೂ ಅಲ್ಲಿ ದನಿಯಿದೆ.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2025ರಲ್ಲಿ ಬಿಹಾರದಲ್ಲಿ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಅದೇ ನವೆಂಬರಿನಲ್ಲಿ ಕೇರಳ, ತಮಿಳುನಾಡು ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಹಬ್ಬಿತು. ಬಾಗಿಲಿಗೆ ಬೀಗವಿರುವ ಮನೆಯವರ ಹೆಸರು ಇಂಥ ಪರಿಷ್ಕರಣೆಯಲ್ಲಿ ಸುಲಭವಾಗಿ ಅಳಿಸಿಹೋಗುತ್ತದೆ. ನಮ್ಮ ವಾಳೆಗಳ ಗುರಿಕಾರರಿಗೆ ಯಾವ ಮನೆಯವರು ಎಲ್ಲಿದ್ದಾರೆಂಬುದು ಚೆನ್ನಾಗಿ ಗೊತ್ತು. ರಜೆಯಲ್ಲಿ ಬರುವವರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡುವುದು, 18 ತುಂಬಿದ ಮಕ್ಕಳಿಗೂ ನಮೂನೆ 6ಎ ತುಂಬಲು ನೆರವಾಗುವುದು ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಭಾರವಾದ ಕೆಲಸವಲ್ಲ. ಯಾರಿಗೆ ಮತ ಹಾಕಬೇಕೆಂದು ನಾವು ಹೇಳುವುದಿಲ್ಲ, ಹೇಳಲೂಬಾರದು.

2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿರ್ಧಾರವಾದದ್ದು 16 ಮತಗಳಿಂದ. ನಮ್ಮ ಒಂದೇ ವಾಳೆಯಿಂದ ಗಲ್ಫಿಗೆ ಹೋದವರನ್ನು ಬೆರಳೆಣಿಸಿ ನೋಡಿ. ಹದಿನಾರಕ್ಕೆ ಕಡಿಮೆ ಇದ್ದಾರೆಯೇ?